ಪ್ರಶ್ನೆಯಲ್ಲದ ವಾಕ್ಯ

ದುಬೈ ಕೆಲಸಕ್ಕೆ ಇಂಗ್ಲಿಷ್ ಬೇಕೆಂದು ಲಾರಿ ಡ್ರೈವರ್ ಲೋಕಪ್ಪ ಸಂಜೆ ಕ್ಲಾಸಿಗೆ ಸೇರಿದ್ದ. ಅಂದು ವಿನೋದಾ ಮೇಡಂ, "ಮರೆಯಲಾಗದ ಒಂದು ಘಟನೆ ಬರೆಯಿರಿ. ನಡೆದದ್ದನ್ನು ನಡೆದ ಹಾಗೆ ಹೇಳುವ ವಾಕ್ಯಗಳಷ್ಟೇ ಇರಲಿ, ಪ್ರಶ್ನೆ ಬೇಡ" ಎಂದರು.

ಉಳಿದವರು ಬರೆದು ತೋರಿಸಿ ಹೊರಟರು. ಲೋಕಪ್ಪ ಕೊನೆಗೆ ಎದ್ದು ಚಾಕ್‌ಪೀಸ್ ಹಿಡಿದ. ಹೆಂಡತಿಗೂ ಕನ್ನಡದಲ್ಲಿ ಹೇಳಲಾಗದೆ ಉಳಿದದ್ದು ಇಂಗ್ಲಿಷಿನಲ್ಲಿ ತಡವರಿಸುತ್ತಲೇ ಬೋರ್ಡಿಗೆ ಇಳಿಯಿತು.

'ನಾನು ರಾತ್ರಿ ಲಾರಿಯಲ್ಲಿ ಬರುತ್ತಿದ್ದೆ. ಕೆರೆ ಏರಿಯ ತಿರುವಿನಲ್ಲಿ ಹಸಿರು ಸ್ಕೂಟರ್ ಬಿದ್ದಿತ್ತು. ಪಕ್ಕದಲ್ಲಿ ಬಿದ್ದಿದ್ದ ಮನುಷ್ಯ ಕೈ ಎತ್ತಿದ. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೂ ಅವನು ಸಾಯುತ್ತಿದ್ದನೇ?'

ಮೇಡಂ ಬೋರ್ಡಿನ ಹತ್ತಿರ ಬಂದು 'ಹಸಿರು ಸ್ಕೂಟರ್' ಎಂಬ ಪದಗಳ ಮೇಲೆ ಬೆರಳಿಟ್ಟರು.

"ಕೊನೆಯದು ಪ್ರಶ್ನೆ," ಎಂದರು.

"ಅದೊಂದನ್ನು ಬೇರೆ ಥರ ಬರೆಯೋಕೆ ಆಗ್ತಿಲ್ಲ ಮೇಡಂ. ಪೊಲೀಸು, ಕೋರ್ಟು ಅಂತ ಹೆದರಿ ಬಂದುಬಿಟ್ಟೆ. ಆ ಮನುಷ್ಯ ಸತ್ತ ಅಂತ ಆಮೇಲೆ ಕೇಳಿದೆ. ಯಾರು, ಏನು ಅಂತ ವಿಚಾರಿಸೋ ಧೈರ್ಯ ಬರಲಿಲ್ಲ. ಆ ಕೈ ಈಗಲೂ ಹೆಡ್‌ಲೈಟಿನ ಬೆಳಕಲ್ಲಿ ಏಳುತ್ತೆ."

"ನಿಮಗೆ ಏನನ್ನಿಸುತ್ತೆ?"

"ಬಿದ್ದ ಗಳಿಗೆಯಲ್ಲೇ ಪ್ರಾಣ ಹೋಗೋದರಲ್ಲಿತ್ತು, ನಾನು ನಿಂತಿದ್ದರೂ ಅಷ್ಟೇ ಅಂತ ಮನಸ್ಸಿಗೆ ಹೇಳ್ಕೊಂಡು ಬಂದಿದ್ದೀನಿ. ಹಾಗೇ ಬರೀಲಾ ಮೇಡಂ?"

ಮೇಡಂ ಅವನ ಕೈಯಿಂದ ಚಾಕ್‌ಪೀಸ್ ತೆಗೆದುಕೊಂಡು ಪ್ರಶ್ನೆಯನ್ನು ಅಳಿಸಿ, ಅದೇ ಜಾಗದಲ್ಲಿ ಸಣ್ಣ ಮಕ್ಕಳಿಗೂ ತಿಳಿಯುವಷ್ಟು ಸರಳವಾದ ಇಂಗ್ಲಿಷಿನಲ್ಲಿ ಬರೆದರು:

'ನನ್ನ ಗಂಡ ಬೆಳಗಿನವರೆಗೂ ಬದುಕಿದ್ದರು.'