ಚಪ್ಪಲಿ ಕಾಯ್ದ ರಾಣಿ

ಈ ಕಥೆಯನ್ನು ಮೊದಲು ಹೇಳಿದವಳು ಹಳೆಯ ದೇವಸ್ಥಾನದ ಹೆಬ್ಬಾಗಿಲಲ್ಲಿ ಚಪ್ಪಲಿ ಕಾಯುವ ಹೆಂಗಸು. ಹೇಳಿದ್ದು ಒಂದು ಬೇಸಿಗೆಯ ಸಂಜೆ, ಕಡೆಯ ಬಸ್ಸಿಗಾಗಿ ಕಟ್ಟೆಯ ಮೇಲೆ ಕುಳಿತಿದ್ದ ನಾಲ್ಕಾರು ಪ್ರವಾಸಿಗಳಿಗೆ. ಕೇಳಿದ ಕ್ರಮದಲ್ಲೇ ಇಲ್ಲಿ ಕೊಟ್ಟಿದೆ.

ಮಾತು ಶುರುವಾದದ್ದು ನಗುವಿನಿಂದ. ಕೋಟೆಬಾಗಿಲು, ದೇವಸ್ಥಾನ, ಕಂಬಗಳ ಮಂಟಪ, ಕೊನೆಗೆ ಮೆಟ್ಟಿಲುಗಳ ಕೊಳ, ಇವಿಷ್ಟನ್ನೂ ಬಂದವರಿಗೆ ಬಿಟ್ಟಿಯಾಗಿ ತೋರಿಸಲು ಕಚೇರಿಯವರು ಅಲ್ಲಿ ಒಬ್ಬ ಗೈಡನ್ನು ಇಟ್ಟಿದ್ದರು. ಅವನು ಕೊಳದ ಬಳಿ ಹೇಳಿದ ರಾಜಕುಮಾರಿಯ ಕಥೆಯನ್ನು ನೆನೆದು, ದಪ್ಪ ಕನ್ನಡಕದ ಪ್ರವಾಸಿಯೊಬ್ಬ ಕೇಳಿದ: “ಅಲ್ಲಮ್ಮಾ, ರಾಣಿ ಅಂದ್ರೆ ಸಿಂಹಾಸನದ ಮೇಲೆ ಕೂತಿರ್ಬೇಕು. ನಿಮ್ಮ ಗೈಡು ಅವಳ ಕೈಲಿ ಚಪ್ಪಲಿ ಕಾಯಿಸ್ತಾನಲ್ಲ?”

“ಆ ಮಾತಿಗೇ ಅವರ ಕೆಲಸ ಹೋಗೋದ್ರಲ್ಲಿತ್ತು,” ಎಂದಳು ಅವಳು.

ಹಿಂದಿನ ವರ್ಷ ವರ್ಗವಾಗಿ ಬಂದ ಅಧಿಕಾರಿಗೆ ಗೈಡನ ಮೇಲೆ ಅನುಮಾನ ಹುಟ್ಟಿತಂತೆ. ಕೋಟೆಯ ಮುಂದೆ, ಗುಡಿಯ ಮುಂದೆ ಪಾಠ ಒಪ್ಪಿಸಿದ ಹಾಗೆ ಒಣ ದನಿಯಲ್ಲಿ ಮಾತಾಡುವ ಮನುಷ್ಯ, ಕೊಳದ ಬಳಿ ಬಂದಾಗ ಮಾತ್ರ ಎಲ್ಲರನ್ನೂ ಮೇಲಿನ ಮೆಟ್ಟಿಲಲ್ಲೇ ಕೂರಿಸುತ್ತಾನೆ. ಯಾವ ಶಾಸನದಲ್ಲೂ ಇಲ್ಲದ ಕಥೆ ಹೇಳುತ್ತಾನೆ. ಜನರ ಕರುಳು ಹಿಂಡಿ ಜೇಬಿಗೆ ಕೈಹಾಕಿಸುವ ಉಪಾಯವಿರಬೇಕು. ಪತ್ತೆ ಹಚ್ಚಲೆಂದು ಅಧಿಕಾರಿ ಟೋಪಿ ಹಾಕಿಕೊಂಡು ಪ್ರವಾಸಿಗಳ ನಡುವೆ ಸೇರಿಕೊಂಡ.

ಕಥೆ ಇಷ್ಟೆ. ಒಬ್ಬ ಅರಸನಿದ್ದ. ಬಂದವರಿಗೆ ಅರಮನೆ ತೋರಿಸುವುದೆಂದರೆ ಅವನಿಗೆ ಹಸಿವೂ ನೆನಪಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅತಿಥಿಗಳಿಗೆ ಕಂಬದ ಕೆತ್ತನೆ ವಿವರಿಸುತ್ತಿದ್ದ. ಅವನ ಒಬ್ಬಳೇ ಮಗಳು ಮಣ್ಣಿನಲ್ಲಿ ಆಡಿ ಬಂದು, ಕೆಂಪು ಪಟ್ಟಿಯ ಚಪ್ಪಲಿಗಳನ್ನು ಬಾಗಿಲಲ್ಲಿದ್ದ ರಾಣಿಯ ವಶಕ್ಕೆ ಕೊಟ್ಟಳು. “ಅಮ್ಮಾ, ಇವನ್ನ ನೋಡ್ಕೊಂಡಿರು, ಕಾಲು ತೊಳ್ಕೊಂಡು ಬರ್ತೀನಿ,” ಎಂದು ಕೊಳಕ್ಕೆ ಓಡಿದಳು. ನೀರಂಚಿನ ಮೆಟ್ಟಿಲಲ್ಲಿ ಪಾಚಿಯಿತ್ತು. ಅರಸ ಕಂಬದ ಮಾತು ಮುಗಿಸಿ ಅತಿಥಿಗಳನ್ನು ಕರೆತಂದಾಗ ಕೊಳದ ನೀರು ಅಲುಗದೆ ನಿಂತಿತ್ತು.

ಕಥೆ ಮುಗಿದಾಗ ಯಾರೋ ನೋಟು ಚಾಚಿದರು. ಗೈಡ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅಧಿಕಾರಿಗೆ ಅದರಿಂದ ಸಮಾಧಾನವಾಗಲಿಲ್ಲ. ಟೋಪಿ ತೆಗೆದು ಮುಂದೆ ಬಂದು ಅರಸನ ಹೆಸರು ಕೇಳಿದ. ಅಂಥ ದೊಡ್ಡ ಹೆಸರೇನಲ್ಲ ಎಂಬ ಉತ್ತರ ಬಂತು. ಯಾವ ಕಾಲದ ಸಂಗತಿ ಎಂದು ಕೇಳಿದ.

“ಬೇಸಿಗೆ ಸಾರ್.”

“ಮತ್ತೆ ಆ ರಾಣಿ? ಚಪ್ಪಲಿ ಕಾಯೋಕೆ ಅರಮನೇಲಿ ಒಂದು ಆಳೂ ಇರ್ಲಿಲ್ವೇನ್ರಿ?”

“ಇರ್ಲಿಲ್ಲ ಸಾರ್.”

ನೆರೆದವರು ಘೊಳ್ಳೆಂದು ನಕ್ಕರು. ನಾಳೆಯಿಂದ ಕಥೆ ನಿಲ್ಲಬೇಕು, ಇಲ್ಲವಾದರೆ ಬೇರೆ ಗೈಡ್ ಬರುತ್ತಾನೆ ಎಂದು ಅಧಿಕಾರಿ ಕಡ್ಡಿ ಮುರಿದಂತೆ ಹೇಳಿದ. ಗೈಡ್ ಎದುರಾಡಲಿಲ್ಲ. ಕಥೆ ನಿಂತರೆ ಜನ ನೀರಿಗಿಳಿಯುತ್ತಾರೆ ಎಂದಷ್ಟೇ ಅಂದ. ಅದಕ್ಕೇನು, ಬೋರ್ಡು ಹಾಕಿಸಿದರಾಯಿತು ಎಂದ ಅಧಿಕಾರಿ.

“ಬೋರ್ಡು ಆಗ್ಲೂ ಇತ್ತು ಸಾರ್.”

ಅರಸರ ಕಾಲದಲ್ಲಿ ಬೋರ್ಡಂತೆ. ಅಧಿಕಾರಿ ಅದನ್ನು ತಲೆಹರಟೆ ಎಂದೇ ತಿಳಿದು ಹೊರಟುಹೋದ.

ಇಷ್ಟು ಹೇಳಿ ಅವಳು ಯಾರದೋ ಬೂಟುಗಳನ್ನು ಜೋಡಿಸಿಟ್ಟಳು. ಕೊಳ ಅಲ್ಲಿಂದ ಕಾಣುವುದಿಲ್ಲ, ನಡುವೆ ಮಂಟಪವಿದೆ. ಎದುರಿಗಿದ್ದು ನೋಡಿದ ಹಾಗೆ ಹೇಳುತ್ತೀರಲ್ಲ, ನೀವೂ ಅಲ್ಲಿದ್ದಿರಾ ಎಂದು ಕೇಳಿದ ಕನ್ನಡಕದವನು.

“ನಾನೆಲ್ಲಿ ಹೋಗ್ಲಪ್ಪ. ಜನ ನಂಬಿ ಬಿಟ್ಟು ಹೋಗಿರ್ತಾರೆ, ಕಟ್ಟೆ ಬಿಟ್ಟು ಏಳೋ ಹಾಗಿಲ್ಲ. ಆವತ್ತೂ ಏಳ್ಲಿಲ್ಲ.”

ಅಧಿಕಾರಿಯ ತಾಕೀತಾದ ಮರುದಿನ ಗೈಡ್ ಕೊಳದ ಉದ್ದಗಲ ಹೇಳಿ ಬಾಯಿ ಮುಚ್ಚಿದ. ಅಧಿಕಾರಿ ನಿಂತು ನೋಡುತ್ತಿದ್ದ. ಕೂತು ಕೇಳುವುದಕ್ಕೆ ಏನೂ ಇಲ್ಲದ ಜನ ಚೆದುರಿದರು. ಒಂದು ಸಂಸಾರ ಫೋಟೋ ತೆಗೆಸಿಕೊಳ್ಳಲು, ಆ ಬೆಳಿಗ್ಗೆಯಷ್ಟೇ ಹಾಕಿಸಿದ್ದ ಬೋರ್ಡನ್ನು ದಾಟಿಕೊಂಡೇ ಕೆಳಗಿಳಿಯಿತು. ಅವರ ಪುಟ್ಟ ಹುಡುಗಿ ಪಾಚಿಯ ಮೆಟ್ಟಿಲಿಗೆ ಕಾಲಿಟ್ಟಳು. ಜಾರಿದಳು.

ಗೈಡ್ ಯಾವಾಗ ಇಳಿದನೋ ಯಾರೂ ಕಾಣರು. ಎದೆಮಟ್ಟದ ನೀರಿನಲ್ಲಿ ಮಗುವನ್ನು ಎತ್ತಿ ಹಿಡಿದು ನಿಂತಿದ್ದ. ತಾಯಿ ಕೈಚಾಚಿದರೂ ಕೊಡಲಿಲ್ಲ. ಮಗುವನ್ನು ಅವುಚಿಕೊಂಡು, ಅದೇ ಒಣ ದನಿಯಲ್ಲಿ, ಒಬ್ಬ ಅರಸನಿದ್ದ ಎಂದು ಶುರುಮಾಡಿದ. ಪೂರ್ತಿ ಹೇಳಿ ಮುಗಿಸಿದ ಮೇಲೆಯೇ ಕೊಟ್ಟ. ಅಂದು ಯಾರೂ ನಗಲಿಲ್ಲ.

ಕಥೆ ಮುಂದುವರಿಯಲಿ ಎಂದು ಅಧಿಕಾರಿ ಒಪ್ಪಿಕೊಂಡ. ಒಂದೇ ಒಂದು ತಿದ್ದುಪಡಿ ಕೇಳಿದ. “ಆ ಚಪ್ಪಲಿ ಮಾತೊಂದು ತೆಗೆದ್ಬಿಡಿ. ಜನ ನಗ್ತಾರೆ.”

“ನಗ್ಲಿ ಸಾರ್. ಅದೊಂದನ್ನ ತೆಗೆಯೋಕಾಗಲ್ಲ.”

ಬಸ್ಸಿನ ಹಾರ್ನು ಕೇಳಿಸಿತು. ಪ್ರವಾಸಿಗಳು ಎದ್ದು ತಮ್ಮ ತಮ್ಮ ಚಪ್ಪಲಿಗಳನ್ನು ಕೈಗೆತ್ತಿಕೊಂಡರು. ಗೈಡ್ ಮಂಟಪದ ಕಡೆಯಿಂದ ಬಂದು, ಕೊರಳಲ್ಲಿದ್ದ ಗುರುತುಚೀಟಿಯನ್ನು ಬಿಚ್ಚಿ ಅವಳ ಕೈಚೀಲದೊಳಗೆ ಹಾಕಿದ.

“ಮನೆಗೆ ಹೊರಡೋಣವೇನೇ?”

“ಒಂದು ನಿಮಿಷ ರೀ.”

ಅವಳು ಬಗ್ಗಿ, ಎಲ್ಲಕ್ಕಿಂತ ಕೆಳಗಿನ ಗೂಡಿನಿಂದ ಅಂಗೈಯುದ್ದದ ಒಂದು ಜೊತೆಯನ್ನು ತೆಗೆದು ಸೆರಗಿನಿಂದ ಒರೆಸತೊಡಗಿದಳು. ಪಾಪ, ಯಾವುದೋ ಮಗು ಮರೆತು ಹೋಗಿದೆ ಎಂದ ಕನ್ನಡಕದವನು. ಧೂಳು ಹೋದಂತೆ ಪಟ್ಟಿಯ ಕೆಂಪು ಕಾಣಿಸಿತು.

“ಮರೆತಿಲ್ಲಪ್ಪ,” ಎಂದಳು, ಅವನ್ನು ಇದ್ದಲ್ಲೇ ಇಡುತ್ತ. “ನೋಡ್ಕೊಂಡಿರು ಅಂದಿದ್ದಾಳೆ.”

ಕೇಳಿದವರು ತಂತಮ್ಮ ಚಪ್ಪಲಿಗಳನ್ನು ಕೈಯಲ್ಲೇ ಹಿಡಿದುಕೊಂಡು, ಬರಿಗಾಲಲ್ಲಿ ಬಸ್ಸಿನವರೆಗೆ ನಡೆದು, ಮನೆಗೆ ಹೋದರು.