ತಣ್ಣಗಿದ್ದ ಡಬ್ಬಿಗಳು

ಪರೀಕ್ಷೆಯ ದಿನ ಹಿಂದಿನ ಸಾಲಿನ ಆರು ಕಂಪ್ಯೂಟರುಗಳ ಪ್ರೊಸೆಸರ್ ವೇಗವನ್ನು ಅರ್ಧಕ್ಕಿಂತ ಕೆಳಗೆ ಇಳಿಸಲಾಗಿತ್ತು. ಅಲ್ಲಿ ಕೂತವರು ಸರ್ಕಾರಿ ಯೋಜನೆಯಲ್ಲಿ ಕಲಿಯಲು ನ್ಯಾಲ್ಕಲ್ ಕಡೆಯ ಕೇರಿಗಳಿಂದ ಬಂದ ಹುಡುಗಿಯರು. ಒಬ್ಬಳ ಪತ್ರಿಕೆಯೂ ಸಮಯದೊಳಗೆ ಮುಗಿಯಲಿಲ್ಲ.

ಜಹೀರಾಬಾದಿನ ಆ ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುವ ಧಮ್ಮಶೀಲಾ ಮುಂದಿನ ಸಾಲಿನ ಒಂದು ಕಂಪ್ಯೂಟರಿನ ಡಬ್ಬಿಯ ಹಿಂದೆ ಅಂಗೈ ಇಟ್ಟಳು. ಫ್ಯಾನು ಬಿಸಿಗಾಳಿ ಉಗುಳುತ್ತಿತ್ತು. ಹಿಂದಿನ ಸಾಲಿನ ಡಬ್ಬಿ ಬೆಳಗಿನಿಂದ ಓಡಿದ್ದರೂ ತಣ್ಣಗಿತ್ತು. ಅದರ ಕೀಲಿಮಣೆಯ ಒಂದು ಕೀಲಿ ಒತ್ತಿದಳು. ಅಕ್ಷರ ತಡೆದು ತಡೆದು ತೆವಳಿಕೊಂಡು ಬಂತು.

“ಬ್ಯಾರೆ ರಾಜ್ಯ ಬೇಕಂತ ಸಮ್ಮೆ ನಡದದ, ಎಲ್ಲಾರೂ ಕೆಲಸ ನಿಲ್ಲಿಸ್ಯಾರ, ಕರೆಂಟಿಲ್ಲ. ಬ್ಯಾಟರಿ ಉಳಸಾಕ ನಾನೇ ಸ್ಪೀಡ್ ಇಳಿಸೀನಿ,” ಎಂದ ಮಾಲೀಕ ನಾಗಶೆಟ್ಟಿ, ಎಲೆಅಡಿಕೆ ಜಗಿಯುತ್ತ. “ತೆಲಂಗಾಣ ಬರಬೇಕಂದ್ರ ಎಲ್ಲಾರೂ ಒಂದೀಟು ತಡ್ಕೋಬೇಕವ್ವ.” ಅವನ ಕೋಣೆಯಲ್ಲಿ ಅದೇ ಬ್ಯಾಟರಿಯ ಮೇಲೆ ಕೂಲರ್ ತಿರುಗುತ್ತಿತ್ತು.

“ಮುಂದಿನ ಸಾಲು ಯಾಕ ತಡ್ಕೊಳ್ಳಿಲ್ರಿ ಶೇಟ್ರ?”

“ಅವು ನಮ್ಮ ಮಂದಿ ಮಕ್ಕಳು. ಈಗ ರಿಜಿಸ್ಟರ್‌ನಾಗ ಬರಿ, ಈ ಹುಡುಗ್ಯಾರ ಕೈ ನಿಧಾನ, ಇವಕ್ಕ ಕಲಿಯಾಕ ಆಗಂಗಿಲ್ಲ ಅಂತ. ಕೆಳಗ ನಿನ್ನ ಸಹಿ.”

ಸಹಿ ಬಿದ್ದರೆ ಆರೂ ಹೆಸರು ಯೋಜನೆಯಿಂದ ಅಳಿಸಿಹೋಗುತ್ತಿದ್ದವು. ಅವನು ಚಾಚಿದ ಪೆನ್ನಿಗೆ ಎಲೆಯ ಕೆಂಪು ರಸ ಅಂಟಿತ್ತು. ಆ ಆರು ಹುಡುಗಿಯರಲ್ಲಿ ಒಬ್ಬಳಾದ ಮನೀಷಾ ಬಾಗಿಲ ಬಳಿ ನಿಂತು, ತಪ್ಪೆಲ್ಲ ತನ್ನ ಬೆರಳುಗಳದೇ ಎಂಬಂತೆ, ಅವನ್ನು ಓಢಣಿಯಲ್ಲಿ ಸುತ್ತಿ ಮುಚ್ಚಿಕೊಂಡಿದ್ದಳು.

ಧಮ್ಮಶೀಲಾ ರಿಜಿಸ್ಟರನ್ನು ಮುಚ್ಚಿ ಅವನತ್ತ ತಳ್ಳಿದಳು.

“ನಾ ಬರಿಯಂಗಿಲ್ರಿ.”