ಅಂಥೋರು ಯಾರೂ ಇಲ್ಲ

"ಈ ಬೀದೀಲಿ ಫ್ರಾನ್ಸ್ ದೇಶದ ಹೆಂಗಸು ಒಬ್ರು ಅವ್ರೆ ಅಂತಲ್ಲ, ಎಲೆನ್ ಅಂತ. ಯಾವ್ ಮನೆ?"

ಬೈಕು ನಿಲ್ಲಿಸಿ ಕೇಳಿದ ಪೊಲೀಸ್ ತಿಮ್ಮರಾಜುವಿನ ಮುಖವನ್ನು ಅಣ್ಣಮ್ಮ ಒಮ್ಮೆ ನೋಡಿದಳು, ಖಾಕಿಯನ್ನು ಇನ್ನೊಮ್ಮೆ ನೋಡಿದಳು. ಕ್ಯಾತನಹಳ್ಳಿಯ ಆ ಬೀದಿಗೆ ಪೊಲೀಸರು ಬಂದು ಯಾರ ಹೆಸರು ಕೇಳಿದರೂ ಮೊದಲು ಹೇಳುವ ಉತ್ತರ ಒಂದೇ. ಉಳಿದದ್ದು ಆಮೇಲೆ.

"ಅಂಥೋರು ಯಾರೂ ಇಲ್ವಲ್ಲಪ್ಪ."

ತಿಮ್ಮರಾಜು ಫೋಟೋ ತೋರಿಸಿದ. ಅಣ್ಣಮ್ಮ ಅದನ್ನು ದೂರ ಹಿಡಿದು ನೋಡಿ, ಹತ್ತಿರ ಹಿಡಿದು ನೋಡಿ, "ಕೋಟೆ ನೋಡಕ್ಕೆ ಬಂದೋರಿರ್ಬೇಕು. ಶ್ರೀರಂಗಪಟ್ಣಕ್ಕೋಗಿ ಕೇಳು, ಇಂಥೋರು ಅಲ್ಲಿ ದಿನಾ ಬತ್ತಾರೆ" ಎಂದಳು. ಫೋಟೋದಲ್ಲಿ ಎಲೆನ್ ಉಟ್ಟಿದ್ದದ್ದು ಅಣ್ಣಮ್ಮನದೇ ಸೀರೆ.

ಅಷ್ಟರಲ್ಲಿ ಪಕ್ಕದ ಜಗಲಿಯಿಂದ ಮಕ್ಕಳು ರಾಗವಾಗಿ "ಜ ಸ್ವಿ, ತು ಎ, ಇಲ್ ಎ" ಎಂದು ಶುರು ಹಚ್ಚಿಕೊಂಡರು. ಎಲೆನ್ ಮೇಷ್ಟ್ರಮ್ಮ ಬರುವುದರೊಳಗೆ ಫ್ರೆಂಚ್ ಪಾಠ ಬಾಯಿಗೆ ಬಂದಿರಬೇಕಿತ್ತು. ತಿಮ್ಮರಾಜು ಕಿವಿ ನಿಮಿರಿಸಿದ. ದೇವಸ್ಥಾನದಿಂದ ಬರುತ್ತಿದ್ದ ಅರ್ಚಕ ಶ್ರೀಕಂಠಯ್ಯ ಕೇಳದೆಯೇ ಬಾಯಿ ಹಾಕಿದರು: "ಸಂಸ್ಕೃತ ಪಾಠ. ನಾನೇ ಹೇಳಿಕೊಡೋದು." ಹಾಲಿಗೆ ನೀರು ಬೆರೆಸುವವರನ್ನು ಬೀದಿಯಲ್ಲಿ ನಿಲ್ಲಿಸಿ ಬೈಯುವ ಮನುಷ್ಯ, ರೆಪ್ಪೆ ಅಲ್ಲಾಡಿಸದೆ ಹೇಳಿದರು. ತಿಮ್ಮರಾಜು ಮನೆಮನೆಗೂ ಹೋಗಿ ಕೇಳಿದ. ಎಲ್ಲರದೂ ಅದೇ ಮಾತು. ಇಂಥ ಒಗ್ಗಟ್ಟು ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಎಲ್ಲರ ಹೇಳಿಕೆ ಬರೆದುಕೊಂಡು, ರುಜು ಹಾಕಿಸಿಕೊಂಡು, ಅವನು ಹೊರಟುಹೋದ.

ಪಾಪ, ಅವನು ಬಂದಿದ್ದು ಎಲೆನ್‌ಳನ್ನು ಹಿಡಿಯಲು ಅಲ್ಲ. ಹೊಸಹೊಳಲಿನ ಗುಡಿ ನೋಡಲೆಂದು ಬಂದು, ತನ್ನ ದೇಶಕ್ಕೆ ಹಿಂತಿರುಗುವುದನ್ನು ಮುಂದೂಡುತ್ತ ಮುಂದೂಡುತ್ತ ಇಲ್ಲೇ ತಲೆ ನರೆಯಿಸಿಕೊಂಡ ಎಲೆನ್, ಭಾರತದ ಪ್ರಜೆಯಾಗಬೇಕೆಂದು ಅರ್ಜಿ ಹಾಕಿದ್ದಳು. ಆಕೆ ಇಲ್ಲಿ ವಾಸವಿರುವುದು ನಿಜವೇ ಎಂದು ಅಕ್ಕಪಕ್ಕದವರನ್ನು ವಿಚಾರಿಸಿಕೊಂಡು ಹೋಗುವುದಷ್ಟೇ ತಿಮ್ಮರಾಜುವಿನ ಕೆಲಸ. ಬೀದಿಯವರಿಗೆ ಎಲೆನ್ ಈ ಸುದ್ದಿ ಹೇಳಿರಲಿಲ್ಲ. ಇಷ್ಟು ವರ್ಷ ಇವರ ಮನೆಗಳಲ್ಲಿ ಮುದ್ದೆ ಉಂಡು, ನಿಮ್ಮವಳಾಗಲು ಈಗ ಅರ್ಜಿ ಹಾಕಿದ್ದೇನೆ ಎನ್ನಲು ಆಕೆಗೆ ನಾಚಿಕೆ.

ಪೊಲೀಸರ ದಾರಿ ಕಾಯುತ್ತ ಅವತ್ತೂ ಆಕೆ ಮನೆಯಲ್ಲೇ ಇರಬಹುದಿತ್ತು. ಆದರೆ ನಾಗಮಂಗಲದ ನರ್ಸಿಂಗ್ ಹುಡುಗಿಯರಿಗೆ ಮಾರನೆಯ ದಿನ ಫ್ರೆಂಚ್ ಪರೀಕ್ಷೆ. ಪಾಸಾದರೆ ಕೆನಡಾ. ಜ್ವರ ಬಂದಾಗಲೂ ಪಾಠ ತಪ್ಪಿಸದ ಹೆಂಗಸು, ಬೆಳಿಗ್ಗೆಯೇ ಬಸ್ಸು ಹತ್ತಿದ್ದಳು. ಆಕೆಯ ಕೈಯಲ್ಲಿ ಹೀಗೇ ಕಲಿತು ಹೋದ ಅಣ್ಣಮ್ಮನ ಮೊಮ್ಮಗಳು ಪವಿತ್ರ ಆಗಲೇ ಆ ದೇಶದ ಪ್ರಜೆಯಾಗಿ, ಹಿಮದಲ್ಲಿ ನಿಂತ ಫೋಟೋ ಕಳಿಸಿದ್ದಳು. ಹುಡುಗಿಯರನ್ನು ಹೊರದೇಶಕ್ಕೆ ದಾಟಿಸುವುದರಲ್ಲಿ ಎಲೆನ್ ಮೇಷ್ಟ್ರಮ್ಮನಿಗೆ ಕೆ.ಆರ್. ಪೇಟೆಯವರೆಗೂ ಹೆಸರಿತ್ತು.

ಸಂಜೆ ಬಸ್ಸಿಳಿದು ಬಂದವಳನ್ನು ಅಣ್ಣಮ್ಮ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟಳು.

"ಪೊಲೀಸ್ ಬಂದಿದ್ದ ಕಣವ್ವ. ಫಾರಿನ್ನೋರ್ನ ಇಡ್ಕೊಂಡೋಗಿ ವಾಪಸ್ ಕಳುಸ್ತಾವ್ರೆ ಅಂತ ಟೀವೀಲಿ ತೋರುಸ್ತಾವ್ರಲ್ಲ, ಅದ್ಕೇಯ. ನೀನೇನೂ ಎದ್ರುಕೋಬ್ಯಾಡ. ಎಲ್ರೂ ಸೇರಿ ಸಾಗಾಕ್ಬುಟ್ಟೊ."

ಎಲೆನ್ ಲೋಟ ಕೆಳಗಿಟ್ಟಳು. "ಅಯ್ಯೋ ಅಕ್ಕ! ಅವ್ರು ಬರ್ಲಿ ಅಂತ್ಲೇ ನಾನು ಕಾಯ್ತಿದ್ದಿದ್ದು!"

ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಅಣ್ಣಮ್ಮನಿಗೆ ಅದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು.

"ಇಲ್ಲೇ ಇರೋಳು ಇಲ್ಲಿಯೋಳಾಗಕ್ಕೆ ಅರ್ಜಿ ಯಾಕವ್ವ?" ಎಂದವಳು ಉತ್ತರಕ್ಕೂ ಕಾಯದೆ ಅಳಲು ಶುರು ಮಾಡಿದಳು. ಎಲೆನ್‌ಗೆ ಸಿಟ್ಟು ಬಂದಿತ್ತು. ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ, ಅಳುತ್ತಿದ್ದವಳನ್ನೇ ಸಮಾಧಾನ ಮಾಡುತ್ತ ಕೂತಳು.

ಮಾರನೆಯ ಬೆಳಿಗ್ಗೆ ಇಬ್ಬರೂ ಠಾಣೆಗೆ ಹೋದರು. ತಿಮ್ಮರಾಜು ಫೋಟೋದ ಹೆಂಗಸು ಎದುರಿಗೇ ನಿಂತಿರುವುದನ್ನು ನೋಡಿ ತಲೆ ಕೆರೆದುಕೊಂಡ.

"ಈ ವಿಳಾಸದಲ್ಲಿ ಅಂಥ ವ್ಯಕ್ತಿ ಇಲ್ಲ ಅಂತ ರಿಪೋರ್ಟು ನೆನ್ನೆ ಸಾಯಂಕಾಲ್ವೇ ಮೇಲಕ್ಕೆ ಹೋಯ್ತಲ್ಲ ಮೇಡಂ."

ಅಷ್ಟು ದಿನ ಮಿಸುಕಾಡದೆ ಮಲಗಿದ್ದ ಕಡತ ಆ ಒಂದು ಸಂಜೆ ಎದ್ದು ಓಡಿತ್ತು.

"ಈಗ ನಾನೇ ಯೋಳ್ತಾ ಇವ್ನಲ್ಲಪ್ಪ, ಇವ್ಳು ಇಲ್ಲೇ ಅವ್ಳೆ, ನಮ್ಮ ಪಕ್ಕದ ಮನೇಲೇ ಅವ್ಳೆ. ಬರ್ಕೊ" ಎಂದಳು ಅಣ್ಣಮ್ಮ.

"ಇಲ್ಲ ಅಂತ ರುಜು ಹಾಕ್ದೋರೂ ನೀವೇ. ಇವತ್ತು ಅವ್ಳೆ ಅಂದ್ರೆ ನಿಮ್ ಮಾತ್ನ ಯಾರಮ್ಮ ನಂಬ್ತಾರೆ? ಹೋಗಿ, ಸುಳ್ಳು ಹೇಳ್ದೆ ಇರೋ ಸಾಕ್ಷಿ ಯಾರ್ನಾದ್ರೂ ಕರ್ಕೊಂಬನ್ನಿ."

ಎಲೆನ್ ಬೀದಿಯ ಮನೆಗಳನ್ನೆಲ್ಲ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದಳು. ರುಜು ಹಾಕದ ಮನೆ ಒಂದೂ ಸಿಗಲಿಲ್ಲ. ಮೆಲ್ಲಗೆ ಅಣ್ಣಮ್ಮನ ತೋಳು ಹಿಡಿದು, "ನಡೀರಿ ಅಕ್ಕ, ಹೋಗಾನ" ಎಂದಳು.

ಅಣ್ಣಮ್ಮ ಕದಲಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಮೇಜಿನ ಮೇಲೆ ಎರಡೂ ಕೈ ಊರಿದಳು.

"ಇನ್ಯಾವ ಸಾಕ್ಷಿ ಬೇಕಪ್ಪ ನಿಂಗೆ? ಗುಡಿ ಅಯ್ನೋರೇ ಸುಳ್ಳು ಯೋಳವ್ರೆ. ಪರ್ದೇಸದೋಳಿಗೋಸ್ಕರ ಯಾರಾನಾ ಪೊಲೀಸ್ನೋರ್ತಾವ ಸುಳ್ಳು ಯೋಳ್ತಾರಾ?"